ಒಂದೇ ಮಷಿನಿಗಿ ರೊಕ್ಕ ಇದ್ರ ಟ್ರಿಮ್ಮರ್ ತಗೋರಿ, ಆದ್ರ ಸಸ್ತಾದು ಬ್ಯಾಡ

ಹೊಸದಾಗಿ ಕಟಗಿ ಕೆಲ್ಸ ಕಲಿಯೋ ಹುಡುಗ್ರು ಅಂಗಡಿಗಿ ಹೋಗಿ ಎಲ್ಲಾದಕ್ಕೂ ಬರೋ ಒಂದು ಮಷಿನ್ ಕೊಡ್ರಿ ಅಂದ್ರ ಅವ್ರು ಮೊದ್ಲು ಡ್ರಿಲ್ಲೇ ತೋರಸ್ತಾರ. ಡ್ರಿಲ್ ಬೇಕು ಖರೇ, 35 ಎಂಎಂ ಬಿಟ್ ಹಾಕಿ ಕಪಾಟಿನ ಬಾಗ್ಲದ ಆಟೋ ಹಿಂಜಿನ ತೂತು ಹೊಡೀಲಾಕ ಅದೇ ಆಗ್ಬೇಕು, ಆದ್ರ ತೂತು ಹೊಡಿ ಸ್ಕ್ರೂ ಬಿಗಿ ಅಷ್ಟಕ್ಕ ಅದರ ಕತಿ ಮುಗೀತು.

ನಮ್ ಕಲಬುರಗಿ ಕಡಿ ಭಾಳ ಬಡಿಗ್ಯಾರು ಮಾರ್ಬಲ್ ಕಟರ್ ಮ್ಯಾಲೇ ನಡಸ್ತಾರ. ಶಹಾಬಾದ್ ಪರ್ಸಿ ಕಲ್ಲು ಕೊಯ್ಯೋ ಮಷಿನೇ, ಡೈಮಂಡ್ ಬ್ಲೇಡ್ ತಗದು ನಾಲ್ಕಿಂಚಿನ ಹಲ್ಲಿನ ಬ್ಲೇಡ್ ಹಾಕಿದ್ರ 18 ಎಂಎಂ ಪ್ಲೈ ಒಂದೇ ಏಟಿಗಿ ಸರ್ರಂತ ಹೋಗ್ತದ. ಆದ್ರ ನೆಟ್ಟಗ ಕೊಯ್ಯೋದು ಬಿಟ್ಟು ಅದಕ್ಕ ಬ್ಯಾರೆ ಏನ್ ಬರ್ತದ? ಕಬ್ಬಿಣ ಕೊಯ್ಯೋ ಗ್ರೈಂಡರಿಗಿ ಕಟಗಿ ಬ್ಲೇಡ್ ಹಾಕೋರೂ ಅದಾರ, ಬ್ಯಾಡ್ರೀ, 11 ಸಾವಿರ ಆರ್‌ಪಿಎಂ ಸ್ಪೀಡಿನ್ಯಾಗ ಕಟಗಿ ಗಂಟಿನ್ಯಾಗ ಸಿಕ್ಕಿತಂದ್ರ ಮಷಿನ್ ನಿಮ್ ಕಡಿಗೇ ಹಾರ್ತದ, ನಮ್ ಕಾಕಾನ ಎಡಗೈಮ್ಯಾಲ 7 ಟಾಕಿ ಇವತ್ತಿಗೂ ಎಣಸಬಹುದು.

ನನ್ ಓಟು ಟ್ರಿಮ್ಮರಿಗಿ. ಸನ್‌ಮೈಕಾ ಅಂಚು ಸವರೋ ಮಷಿನ್ ಅಂತಷ್ಟೇ ಮಂದಿಗಿ ಗೊತ್ತು. ಬಿಟ್ ಬದ್ಲಿ ಮಾಡ್ಕೋತ ಹೋದ್ರ ಡ್ರಾಯರ್ ತಳ ಕೂಡ್ಸಲಾಕ ಗಾಡಿ, ಅಂದ್ರ ಉದ್ದಕ ಸಣ್ಣ ಕಾಲಿ, ಹೊಡೀತದ, ಟೇಬಲ್ ಅಂಚು ಗುಂಡಗ ಮಾಡ್ತದ, ಬಾಗ್ಲಕ್ಕ ಡಿಸೈನ್ ತಗೀತದ. ಬಾಗ್ಲಕ್ಕ ಕಬ್ಜಾ, ಅಂದ್ರ ಹಿಂಜ್, ಕೂಡ್ಸೋದು ನೋಡ್ರಿ, ಉಳಿ ಕೊಡತಿ ಹಿಡ್ಕೊಂಡ್ರ ಮೂರು ಕಬ್ಜಾಕ್ಕ ನನಗ ಅರ್ಧ ದಿನಾ ಹೋಗ್ತಿತ್ತು, ಪ್ಲೈದು ಒಂದು ಅಚ್ಚು ಮಾಡ್ಕೊಂಡು 3 ಎಂಎಂ ಆಳ ಇಟ್ಟು ಓಡ್ಸಿದ್ರ ಚಹಾ ಆರೋದ್ರಾಗ ಮೂರೂ ಮುಗೀತಾವ. ಮೂಲಿ ಮಾತ್ರ ಗುಂಡಗ ಉಳೀತಾವ, ಅಲ್ಲಿ ಉಳಿ ಹಿಡೀಲೇಬೇಕು.

ನಾ ಮೊದ್ಲು ತಗೊಂಡಿದ್ದು 1,900 ರೂಪಾಯಿದು, ಹೆಸ್ರು ಬ್ಯಾಡ. ಆಳ ಹಿಡಿಯೋ ಲಾಕ್ ಗಡಗಡಿಗಿ ತಾನೇ ಸಡ್ಲಾಗ್ತಿತ್ತು, 6 ಎಂಎಂ ಗಾಡಿ ಹೋಗ್ಕೋತ ಹೋಗ್ಕೋತ 9 ಆಗಿ ಗಿರಾಕಿದು ಸಾಗವಾನಿ ಹಲಗಿ ಕೆಡ್ತು, ಆ ಹಲಗಿ ರೊಕ್ಕ ನಾನೇ ತುಂಬ್ದೆ. ಈಗಿರೋದು ಮಕಿಟಾ 3709, 530 ವ್ಯಾಟ್, 30 ಸಾವಿರ ಆರ್‌ಪಿಎಂ, ಎರಡು ವರ್ಷಾದಾಗ ಮೋಟರಿನ ಕಾರ್ಬನ್ ಬ್ರಷ್ ಒಂದ್ಸಲ ಬದಲ್ಸೀನಿ, ಅಷ್ಟೇ. ಬ್ಯಾಟರಿದು ಯಾಕ ತಗೊಂಡಿಲ್ಲ ಅಂದ್ರ ಮೇ ತಿಂಗಳಾಗ ನಮ್ ತಗಡಿನ ಶೆಡ್ಡಿನ್ಯಾಗ ಬ್ಯಾಟರಿ ಕಾದು ಚಾರ್ಜೇ ತಗೊಳ್ಳಲ್ದು, ಗೆಳ್ಯಾಂದು ನೋಡೀನಿ.

ತಗೊಳ್ಳೋಮುಂದ ಬಿಟ್ ಹಿಡಿಯೋ ಕೊಲೆಟ್ 6 ಎಂಎಂದೋ ಕಾಲಿಂಚಿಂದೋ ಕೇಳ್ರಿ, ಕಾಲಿಂಚಂದ್ರ 6.35, ಆ ಬಿಟ್ 6ರಾಗ ಹೋಗಂಗಿಲ್ಲ, 6ರ ಬಿಟ್ ಕಾಲಿಂಚಿನ್ಯಾಗ ಹಾಕಿದ್ರ ಜಾರಿ ಹಾರ್ತದ. ದಪ್ಪ ಕಟಗಿ ಒಮ್ಮೆಲೆ ತಿನ್ಸಬ್ಯಾಡ್ರಿ, ಮೂರ್ನಾಕು ಎಂಎಂ ಅಂತ ಇಳಸ್ಕೋತ ಹೋಗ್ರಿ. ಹಲಗಿ ನಿಮ್ ಮುಂದಿದ್ರ ಈಕಡಿ ಅಂಚಿಗಿ ಎಡದಿಂದ ಬಲಕ್ಕ ಒಯ್ಬೇಕು, ಉಲ್ಟಾ ಒಯ್ದ್ರ ಕೈಯಾಗಿಂದ ಕಸ್ಕೊಂಡು ಓಡ್ತದ. ಒಂದೇ ಕಡಿ ನಿಂದ್ರಸಿದ್ರ ಕಟಗಿ ಸುಟ್ಟು ಕರ್ರಗ ಆಗ್ತದ, ಸಾಗವಾನಿ ಮ್ಯಾಲ ಆ ಕಲೆ ಪಾಲಿಶ್ ಪೇಪರಿಗಿ ಲಗೂ ಬಿಡಲ್ದು. ಧೂಳು ಮೂಗಿಗಿ ಹೊಕ್ಕು ರಾತ್ರಿತನಾ ಸೀನು, ಅವಾಜ್ ಬಗ್ಗೆ ಬಾಜೂ ಮನಿ ಅಕ್ಕೋರ್ನ ಕೇಳ್ರಿ.

"ಇದು ಆಟಿಗಿ ಸಾಮಾನಲೇ" ಅಂತ ನಕ್ಕಿದ್ದ ಕಾಕಾ ಮೊನ್ನೆ ಕೇಳ್ದೇನೇ ಆಳಂದ ಸೈಟಿಗಿ ಒಯ್ದಾನ. ಬಿಟ್ ಬದ್ಲಿ ಮಾಡೋ ಪಾನಾ ಇಲ್ಲೇ ನನ್ ಕಿಸೇದಾಗ ಅದಾ, ಫೋನ್ ಮ್ಯಾಲ ಫೋನ್ ಬರ್ಲಾಕತ್ತದ.