ಒಂದು ಕಾರ್ಡಾ, ಮೂರು ಕಾರ್ಡಾ?

ಭವಿಷ್ಯ ತಿಳಿಯೋಕಲ್ಲ, ಸುಮ್ನೆ ನಿಮ್ಮ ಮನಸ್ಸನ್ನು ನೀವೇ ನೋಡಿಕೊಳ್ಳೋಕೆ ಟ್ಯಾರೋ ಅನ್ನೋ ಚಿತ್ರದ ಕಾರ್ಡುಗಳು ಬೇಕು ಅಲ್ವಾ? ಹಾಗಾದರೆ ಹತ್ತು ಕಾರ್ಡುಗಳನ್ನು ಹರಡಿ ಓದುವ ‘ಕೆಲ್ಟಿಕ್ ಕ್ರಾಸ್’ ಜೋಡಣೆ ಸದ್ಯಕ್ಕೆ ಬಿಡಿ. ಆಯ್ಕೆ ಇರುವುದು ಒಂದು ಕಾರ್ಡಿಗೂ ಮೂರು ಕಾರ್ಡಿಗೂ ನಡುವೆ.

ಒಂದು ಕಾರ್ಡಿಗೆ ಐದು ನಿಮಿಷ ಸಾಕು. 78 ಕಾರ್ಡುಗಳನ್ನು ಕಲಸಿ, ಒಂದನ್ನು ಎಳೆದು, ಕಣ್ಣಿಗೆ ಮೊದಲು ಬಿದ್ದದ್ದನ್ನು ಬರೆದಿಡಿ. ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ 1909ರ ಡೆಕ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅದರ ‘ನಾಲ್ಕು ಬಟ್ಟಲು’ ಕಾರ್ಡ್ ನೋಡಿ. ಮರದ ಕೆಳಗೆ ಒಬ್ಬ ಕೈಕಟ್ಟಿ ಕೂತಿದ್ದಾನೆ. ಮುಂದೆ ಮೂರು ಬಟ್ಟಲು. ಮೋಡದಿಂದ ಬಂದ ಕೈಯೊಂದು ನಾಲ್ಕನೆಯದನ್ನು ಚಾಚಿದೆ, ಅವನಿಗೆ ಅದರ ಗೊಡವೆಯೇ ಇಲ್ಲ. ಅವನಿಗೆ ಬೇಸರವೋ, ಮುನಿಸೋ, ಬರೀ ಸುಸ್ತೋ? ನಿಮ್ಮ ಬಾಯಿಗೆ ಯಾವ ಪದ ಬಂತೋ, ಬರೆಯೋಕೆ ಅಲ್ಲಿಂದಲೇ ಶುರು ಮಾಡಿ.

ಮೂರು ಕಾರ್ಡಿಗೆ ಅರ್ಧ ಗಂಟೆಯಾದರೂ ಬೇಕು. ಒಂದೊಂದು ಕಾರ್ಡಿಗೆ ಒಂದೊಂದು ಸ್ಥಾನ ಕೊಡುವ ‘ಹಿಂದೆ, ಈಗ, ಮುಂದೆ’ ಅನ್ನುವ ಜೋಡಣೆ ಎಲ್ಲರಿಗೂ ಗೊತ್ತು. ಆದರೆ ‘ಮುಂದೆ’ ಅಂದ ಕೂಡಲೇ ಮನಸ್ಸು ಭವಿಷ್ಯದ ಕಡೆ ಜಾರುತ್ತದೆ. ನನಗೆ ‘ಪರಿಸ್ಥಿತಿ, ಅಡ್ಡಿ, ನಾನು ಮಾಡಬಹುದಾದದ್ದು’ ಜಾಸ್ತಿ ಇಷ್ಟ. ಒಂದೇ ವಿಷಯ ವಾರಗಟ್ಟಲೆ ಕೊರೆಯುತ್ತಿದ್ದರೆ ಇದೇ ಸರಿ. ತೊಂದರೆ ಏನೆಂದರೆ, ಇಷ್ಟವಾಗದ ಕಾರ್ಡ್ ಬಂದರೆ ಇನ್ನೊಂದು ಎಳೆಯುವ ಚಪಲ. ನಾನೂ ಎಳೆದಿದ್ದೇನೆ.

ಹೊಸಬರಾದರೆ ಮೊದಲ ತಿಂಗಳು ದಿನಕ್ಕೊಂದೇ ಕಾರ್ಡ್ ಎಳೆಯಿರಿ. ಮೂರರದ್ದು ವಾರಕ್ಕೊಮ್ಮೆ, ಆಮೇಲೆ.