ನಾಲ್ಕು ಕಿಟಕಿಯ ಕಚೇರಿಯಲ್ಲಿ ಒಂದೇ ತೆರೆದಿದೆ: ವೆಚ್ಚ ಕಡಿತದ ನಂತರದ ಒಂದು ಸರ್ಕಾರಿ ಸೇವೆಯ ವಿಮರ್ಶೆ

ಜನನ ಪ್ರಮಾಣಪತ್ರದಲ್ಲಿದ್ದ ಒಂದಕ್ಷರದ ತಪ್ಪನ್ನು ತಿದ್ದಿಸಿಕೊಳ್ಳಲು ನಾನು ಈಚೆಗೆ ಒಂದು ಸರ್ಕಾರಿ ಸೇವಾ ಕಚೇರಿಗೆ ಮೂರು ಬಾರಿ ಹೋಗಬೇಕಾಯಿತು. ಎರಡು ವರ್ಷಗಳ ಹಿಂದೆ ಇದೇ ಕಚೇರಿಯಲ್ಲಿ ಇಂಥದೇ ಕೆಲಸ ಒಂದು ಬೆಳಗಿನಲ್ಲಿ ಮುಗಿದಿತ್ತು. ಈ ನಡುವೆ ಸರ್ಕಾರ ಇಲಾಖೆಗಳ ವೆಚ್ಚವನ್ನು ಕಡಿತ ಮಾಡಿದೆ, ತೆರವಾದ ಹುದ್ದೆಗಳನ್ನು ಭರ್ತಿ ಮಾಡದೆ ಬಿಟ್ಟಿದೆ, ಮತ್ತು ಇದರಿಂದ ಸೇವೆಯ ಗುಣಮಟ್ಟಕ್ಕೆ ಯಾವ ಧಕ್ಕೆಯೂ ಆಗುವುದಿಲ್ಲವೆಂದು ಕಚೇರಿಯ ಬಾಗಿಲಿನಲ್ಲೇ ಪ್ರಕಟಣೆ ಅಂಟಿಸಿದೆ. ಆ ಭರವಸೆಯನ್ನು ಸೇವೆ ಪಡೆದವನ ಕಡೆಯಿಂದ ಪರೀಕ್ಷಿಸಿ ನೋಡುವುದಷ್ಟೇ ಈ ಬರಹದ ಉದ್ದೇಶ.

ಮೊದಲು ಒಳ್ಳೆಯದನ್ನು ಹೇಳಬೇಕು. ಹೊಸ ಆನ್‌ಲೈನ್ ವ್ಯವಸ್ಥೆ ಸರಳ ಕೆಲಸಗಳಿಗೆ ನಿಜಕ್ಕೂ ಅನುಕೂಲವಾಗಿದೆ. ಪ್ರಮಾಣಪತ್ರದ ಹೆಚ್ಚುವರಿ ಪ್ರತಿಯೊಂದನ್ನು ನಾನು ಮನೆಯಲ್ಲೇ ಕುಳಿತು ಹತ್ತು ನಿಮಿಷದಲ್ಲಿ ಪಡೆದೆ. ಇಲ್ಲಿ ಕಚೇರಿಗೂ ಕೆಲಸ ಉಳಿಯಿತು, ನನಗೂ ಓಡಾಟ ತಪ್ಪಿತು. ಇಂಥದ್ದನ್ನು ಉಳಿತಾಯವೆಂದು ಒಪ್ಪಲು ಯಾರಿಗೂ ತಕರಾರು ಇರಲಾರದು.

ತೊಡಕು ಶುರುವಾಗುವುದು ಕೆಲಸ ಸ್ವಲ್ಪ ಅಂಕುಡೊಂಕಾದಾಗ. ಕಚೇರಿಯಲ್ಲಿ ನಾಲ್ಕು ಕಿಟಕಿಗಳಿವೆ. ಮೂರರ ಷಟರ್ ಇಳಿದಿದೆ, ಅವುಗಳಲ್ಲಿ ಒಂದರ ಮುಂದಿನ ಕಟ್ಟೆಯ ಮೇಲೆ ಒಣಗಿದ ಮುದ್ರೆಯ ಪ್ಯಾಡ್ ಹಾಗೇ ಬಿದ್ದಿದೆ. ತೆರೆದಿರುವ ಕಿಟಕಿಯಲ್ಲಿ ಕುಳಿತ ಮಹಿಳೆಯೇ ಅರ್ಜಿ ಪರಿಶೀಲಿಸಬೇಕು, ಕಾಗದ ಸ್ಕ್ಯಾನ್ ಮಾಡಬೇಕು, ಸ್ವೀಕೃತಿ ಚೀಟಿ ಕೊಡಬೇಕು, ನಡುನಡುವೆ ದೂರವಾಣಿಗೂ ಉತ್ತರಿಸಬೇಕು. "ಮೊದಲು ನಾಲ್ವರಿದ್ದೆವು ಸರ್, ಈಗ ನಾನೊಬ್ಬಳೇ" ಎಂದು ಆಕೆ ತಲೆಯೆತ್ತದೆ ಹೇಳಿದರು. ಆಕೆಯ ಕೆಲಸದಲ್ಲಿ ನಾನು ಯಾವ ಲೋಪವನ್ನೂ ಕಾಣಲಿಲ್ಲ.

ನನ್ನ ಮುಂದೆ ನಿಂತಿದ್ದ ವೃದ್ಧೆಯೊಬ್ಬರ ಪಾಡು ಇನ್ನೂ ಕಷ್ಟದ್ದಾಗಿತ್ತು. ಅವರ ಅರ್ಜಿ ಮುಂದುವರಿಯಲು ಮೊಬೈಲಿಗೆ ಬರುವ ಒಟಿಪಿ ಬೇಕಿತ್ತು. ಅದು ತೀರಿಕೊಂಡ ಗಂಡನ ಹೆಸರಿನಲ್ಲಿದ್ದ, ಈಗ ಬಳಕೆಯಲ್ಲಿಲ್ಲದ ಸಂಖ್ಯೆಗೆ ಹೋಗುತ್ತಿತ್ತು. "ಅಮ್ಮ, ಮೊದಲು ನಂಬರ್ ಬದಲಾಯಿಸಿಕೊಂಡು ಬನ್ನಿ" ಎಂಬ ಸಲಹೆ ಸಿಕ್ಕಿತು. ಆದರೆ ನಂಬರ್ ಬದಲಾಯಿಸಲು ಕೂಡ ಹಳೆಯ ನಂಬರಿಗೇ ಒಟಿಪಿ ಹೋಗುತ್ತದೆ. ಇಂಥ ಗಂಟನ್ನು ಬಿಡಿಸುವ ಅಧಿಕಾರವಿದ್ದ ಮೇಲ್ವಿಚಾರಕರ ಹುದ್ದೆಯೇ ಈಗ ಖಾಲಿ. ಸಹಾಯವಾಣಿಗೆ ಕರೆ ಮಾಡಿದರೆ ಹೊರಗುತ್ತಿಗೆಯ ಸಿಬ್ಬಂದಿ ಸೌಜನ್ಯದಿಂದಲೇ ಮಾತನಾಡುತ್ತಾರೆ, ಆದರೆ ಕಡತ ನೋಡುವ ಅನುಮತಿ ಅವರಿಗಿಲ್ಲ. ಆ ತಾಯಿ ಕೈಚೀಲದಲ್ಲಿ ಕಾಗದಗಳನ್ನು ಒಂದೊಂದಾಗಿ ಮಡಿಸಿಟ್ಟುಕೊಂಡು ಹೊರಟದ್ದನ್ನು ನೋಡಿ ನನಗೆ ತುಂಬ ಸಂಕಟವಾಯಿತು.

ಉಳಿತಾಯದ ಲೆಕ್ಕದ ಮೇಲೆ ಜನರಿಗೆ ನಂಬಿಕೆ ಹುಟ್ಟದಿರುವುದು ಇಂಥ ಕಡೆಯಲ್ಲಿ. ಮೂರು ಸಂಬಳ ನಿಂತರೆ ಆ ಮೊತ್ತ ಪೂರ್ತಿಯಾಗಿ ಉಳಿತಾಯದ ಪಟ್ಟಿಗೆ ಸೇರುತ್ತದೆ. ನಾನು ಕೆಲಸಕ್ಕೆ ರಜೆ ಹಾಕಿ ಕಳೆದ ಮೂರು ದಿನ, ಆ ವೃದ್ಧೆಯ ವ್ಯರ್ಥ ಪ್ರಯಾಣ, ಬಾಕಿ ಬೆಳೆಯುತ್ತಿರುವ ಅರ್ಜಿಗಳು ಯಾವ ಪಟ್ಟಿಗೂ ಸೇರುವುದಿಲ್ಲ. ಹೊರಗುತ್ತಿಗೆಯ ಬಿಲ್ಲು ಬಜೆಟ್ಟಿನಲ್ಲಿ ಬೇರೆ ಶೀರ್ಷಿಕೆಯಡಿ ಕುಳಿತಿರುತ್ತದೆ. ಹೀಗೆ ವೆಚ್ಚ ತಪ್ಪಿದಂತೆ ಕಂಡರೂ ನಿಜದಲ್ಲಿ ಅದು ಸರ್ಕಾರದ ಹೆಗಲಿನಿಂದ ಸಾಲಿನಲ್ಲಿ ನಿಂತವರ ಹೆಗಲಿಗೆ ದಾಟಿರುತ್ತದೆ.

ಈ ಅಪನಂಬಿಕೆಯನ್ನು ತಿಳಿಗೇಡಿತನವೆಂದು ತಳ್ಳಿಹಾಕುವವರು ಹಿಂದಿನ ದಾಖಲೆಗಳನ್ನು ನೋಡಬೇಕು. ಬ್ರಿಟನ್ ಸರ್ಕಾರ 2004ರ ನಂತರದ ದಕ್ಷತಾ ಯೋಜನೆಯಲ್ಲಿ 1,330 ಕೋಟಿ ಪೌಂಡ್ ಉಳಿಸಿದ್ದಾಗಿ ಹೇಳಿಕೊಂಡಾಗ, ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2007ರಲ್ಲಿ ಅದನ್ನು ಪರಿಶೀಲಿಸಿ, ಸುಮಾರು ಕಾಲು ಭಾಗವನ್ನು ಮಾತ್ರ ಸರಿಯಾದ ಲೆಕ್ಕವೆಂದು ಒಪ್ಪಿತು; ಅರ್ಧದಷ್ಟರ ಅಳತೆಯಲ್ಲಿ ಅನಿಶ್ಚಿತತೆ ಇತ್ತು, ಉಳಿದದ್ದು ಬಹಳಮಟ್ಟಿಗೆ ತಪ್ಪಾಗಿರಬಹುದು ಎಂದಿತು. ಅಮೆರಿಕದಲ್ಲಿ, ಮುಂದೆ ಟ್ರಂಪ್ ಸರ್ಕಾರದ ವೆಚ್ಚ ಕಡಿತದ ಕೆಲಸವನ್ನು ಮುನ್ನಡೆಸಿದ ಉದ್ಯಮಿ ಎಲಾನ್ ಮಸ್ಕ್ 2024ರಲ್ಲಿ ಸರ್ಕಾರಿ ವೆಚ್ಚದಲ್ಲಿ ಕನಿಷ್ಠ 2 ಲಕ್ಷ ಕೋಟಿ ಡಾಲರ್ ಕಡಿತದ ಮಾತನಾಡಿದರು. 2025ರ ಏಪ್ರಿಲ್ ಹೊತ್ತಿಗೆ ಅವರ ನಿರೀಕ್ಷೆ 15 ಸಾವಿರ ಕೋಟಿ ಡಾಲರಿಗೆ ಇಳಿದಿತ್ತು. ಆ ನಡುವೆ 80 ಲಕ್ಷ ಡಾಲರಿನ ಒಂದು ಗುತ್ತಿಗೆ ಉಳಿತಾಯದ ಪಟ್ಟಿಯಲ್ಲಿ 800 ಕೋಟಿ ಡಾಲರ್ ಎಂದು ದಾಖಲಾಗಿ, ಪತ್ರಕರ್ತರು ಬೊಟ್ಟುಮಾಡಿದ ಮೇಲೆ ತಿದ್ದುಪಡಿಯಾಯಿತು.

ಕಡಿತವೇ ತಪ್ಪೆಂಬ ವಾದ ನನ್ನದಲ್ಲ. 1990ರ ದಶಕದ ಮಧ್ಯದಲ್ಲಿ ಕೆನಡಾದ ಕೇಂದ್ರ ಸರ್ಕಾರ ಎಲ್ಲ ಇಲಾಖೆಗಳಿಗೂ ಒಂದೇ ಅಳತೆಯ ಕತ್ತರಿ ಹಾಕದೆ, ಒಂದೊಂದು ಕಾರ್ಯಕ್ರಮವೂ ಸಾರ್ವಜನಿಕ ಹಿತಕ್ಕೆ ಇನ್ನೂ ಬೇಕೇ ಎಂದು ಕೇಳಿ ಕಡಿತ ಮಾಡಿತು, 1997–98ರ ವೇಳೆಗೆ ಕೊರತೆಯನ್ನು ನೀಗಿಸಿತು. ಪ್ರಾಂತಗಳಿಗೆ ಕೊಡುತ್ತಿದ್ದ ಅನುದಾನವೂ ಅದರೊಂದಿಗೆ ಇಳಿದು, ಭಾರದ ಒಂದು ಪಾಲು ಅವುಗಳ ಮೇಲೆ ಬಿದ್ದದ್ದೂ ನಿಜ. ಆದರೂ ಅಲ್ಲಿ ಯಾವುದು ಬೇಡ ಎಂದು ಹೇಳುವ ಧೈರ್ಯವಿತ್ತು. ನಾನು ಕಂಡ ಕಚೇರಿಯಲ್ಲಿ ಯಾವ ಸೇವೆಯನ್ನೂ ಬೇಡವೆಂದಿಲ್ಲ. ನಿವೃತ್ತರಾದವರ ಕುರ್ಚಿ ಯಾವುದೋ ಅದೇ ಖಾಲಿಯಾಗಿದೆ, ಆ ಕುರ್ಚಿಯ ಕೆಲಸ ಎಷ್ಟು ಮುಖ್ಯವೆಂದು ಯಾರೂ ಕೇಳಿದಂತಿಲ್ಲ. ಕಡಿತಕ್ಕೆ ಮುಂಚೆ ಒಂದು ಅರ್ಜಿಗೆ ಎಷ್ಟು ದಿನ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತಿದೆ ಎಂಬ ಎರಡು ಸಂಖ್ಯೆಗಳನ್ನು ಆ ಪ್ರಕಟಣೆಯ ಪಕ್ಕದಲ್ಲೇ ಹಾಕಿದ್ದರೆ ನಾನು ಅದನ್ನು ಗೌರವದಿಂದ ಓದುತ್ತಿದ್ದೆ.

ಆನ್‌ಲೈನ್ ಸೇವೆಗೆ ಐದರಲ್ಲಿ ನಾಲ್ಕು ಅಂಕ, ಕಿಟಕಿಯ ಸೇವೆಗೆ ಒಂದೂವರೆ ಅಂಕ ಕೊಡುತ್ತೇನೆ; ಆ ಒಂದೂವರೆ ಪೂರ್ತಿಯಾಗಿ ಅಲ್ಲಿ ಕುಳಿತಿರುವ ಮಹಿಳೆಗೆ ಸಲ್ಲಬೇಕು. ಪ್ರಮಾಣಪತ್ರದ ಹೆಚ್ಚುವರಿ ಪ್ರತಿ ಬೇಕಾದವರು ಕಚೇರಿಗೆ ಹೋಗುವ ಅಗತ್ಯವಿಲ್ಲ. ತಿದ್ದುಪಡಿ ಬೇಕಾದವರು ಬಾಗಿಲು ತೆರೆಯುವ ಮೊದಲೇ ಹೋಗಿ, ಮೂಲ ದಾಖಲೆಗಳ ಎರಡೆರಡು ಪ್ರತಿ ಜೊತೆಗಿಟ್ಟುಕೊಳ್ಳಿ, ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ, ಮತ್ತು ಸ್ವೀಕೃತಿ ಚೀಟಿಯ ಮೇಲೆ ದಿನಾಂಕವನ್ನು ತಪ್ಪದೆ ಬರೆಸಿಕೊಳ್ಳಿ. ನನ್ನ ಮೊದಲ ಚೀಟಿಯಲ್ಲಿ ಅದಿರಲಿಲ್ಲವಾದ್ದರಿಂದ ಮೂರನೆಯ ಭೇಟಿ ಬೇಕಾಯಿತು.