ಹದಿಮೂರರ ಕಿವಿ, ನಲವತ್ತರ ಕಿವಿ: ‘ಮಿಲೇನಿಯಂ’ ಆಲ್ಬಂ ಮತ್ತೊಮ್ಮೆ

ಹದಿಮೂರನೆಯ ವಯಸ್ಸಿನಲ್ಲಿ ಹುಚ್ಚು ಹಿಡಿದಂತೆ ಕೇಳುತ್ತಿದ್ದ ಅಮೆರಿಕದ ಪಾಪ್ ಗಾಯಕರ ತಂಡ ಬ್ಯಾಕ್‌ಸ್ಟ್ರೀಟ್ ಬಾಯ್ಸ್‌ನ ‘ಮಿಲೇನಿಯಂ’ ಆಲ್ಬಮನ್ನು ಕಳೆದ ಎರಡು ವಾರಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಐದು ಬಾರಿ ಕೇಳಿದೆ. ನಡುವಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅದನ್ನು ಇಡಿಯಾಗಿ ಕೇಳಿದ್ದೇ ಇಲ್ಲ. ಅದು ಒತ್ತಟ್ಟಿಗಿರಲಿ, ಒಂದು ಕಾಲದಲ್ಲಿ ಅದನ್ನು ಮೆಚ್ಚಿದ್ದೆನೆಂಬ ಸಂಗತಿಯನ್ನೇ ಕಾಲೇಜಿನ ದಿನಗಳಲ್ಲಿ ಗೆಳೆಯರಿಂದ ಮುಚ್ಚಿಟ್ಟಿದ್ದೆ, ಏಕೆಂದರೆ ವಾದ್ಯ ನುಡಿಸದೆ, ಹೆಚ್ಚಿನ ಹಾಡುಗಳನ್ನು ತಾವೇ ಬರೆಯದೆ, ಸಾಲಾಗಿ ನಿಂತು ಕುಣಿಯುವ ಐವರು ಯುವಕರನ್ನು ಮೆಚ್ಚುವುದು ಅಭಿರುಚಿ ಇಲ್ಲದವರ ಲಕ್ಷಣವೆಂದು ನಮ್ಮೊಳಗೆ ತೀರ್ಮಾನವಾಗಿತ್ತು. ಆ ತೀರ್ಮಾನ ಎಷ್ಟು ಸರಿಯಾಗಿತ್ತು, ಇಂದು ಈ ಆಲ್ಬಂಗೆ ನಲವತ್ತಾರು ನಿಮಿಷಕ್ಕೆ ಹತ್ತಿರದ ಸಮಯ ಕೊಡುವುದು ಸಾರ್ಥಕವೇ, ಕೊಡುವುದಾದರೆ ಯಾವ ರೂಪದಲ್ಲಿ ಕೇಳಬೇಕು ಎಂಬುದಷ್ಟೇ ಈ ವಿಮರ್ಶೆಯ ವಿಷಯ.

1999ರ ಮೇ 18ರಂದು ಜೈವ್ ರೆಕಾರ್ಡ್ಸ್ ಹೊರತಂದ ಈ ಆಲ್ಬಂನಲ್ಲಿ 12 ಹಾಡುಗಳಿವೆ. ಅಮೆರಿಕದಲ್ಲಿ ಮೊದಲ ವಾರವೇ 11 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾಗಿ ಅದು ಅಂದಿನ ದಾಖಲೆಯಾಯಿತು. ಮರುವರ್ಷವೇ ಎನ್‌ಸಿಂಕ್ ತಂಡ 24 ಲಕ್ಷ ಪ್ರತಿಗಳೊಂದಿಗೆ ಅದನ್ನು ಮುರಿಯಿತು. ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಗೂ ಇದು ನಾಮನಿರ್ದೇಶನಗೊಂಡಿತ್ತು, ಗೆಲ್ಲಲಿಲ್ಲ. ಇದಾವುದೂ ಅಂದು ನನಗೆ ತಿಳಿದಿರಲಿಲ್ಲ. ನನ್ನ ಬಳಿ ಇದ್ದದ್ದು ಒಂದು ಕ್ಯಾಸೆಟ್, ಮತ್ತು ಹಾಡಿನ ಇಂಗ್ಲಿಷ್ ಅರ್ಧಕ್ಕರ್ಧ ಅರ್ಥವಾಗದ ಎರಡು ಕಿವಿಗಳು.

ಆ ಅರ್ಥವಾಗದಿರುವಿಕೆಯನ್ನು ನಾನು ಇಷ್ಟು ವರ್ಷ ನನ್ನ ಕೊರತೆಯೆಂದೇ ಭಾವಿಸಿದ್ದೆ. ಎರಡನೆಯ ಹಾಡಾದ ‘ಐ ವಾಂಟ್ ಇಟ್ ದಟ್ ವೇ’ಯನ್ನು ಈಗ, ಭಾಷೆ ಚೆನ್ನಾಗಿ ತಿಳಿದ ಮೇಲೆ, ಪದ ಪದ ಬಿಡಿಸಿ ಕೇಳಿದಾಗ ಗೊತ್ತಾದದ್ದೇನೆಂದರೆ, ಅರ್ಥವಾಗಲು ಅಲ್ಲಿ ಹೆಚ್ಚೇನೂ ಇಲ್ಲ. ಚರಣದಲ್ಲಿ ಹಾಡುಗಾರ ತನಗೆ ಹಾಗೆಯೇ ಬೇಕೆನ್ನುತ್ತಾನೆ. ಪಲ್ಲವಿಗೆ ಬಂದರೆ ಅದೇ ಮಾತನ್ನು ಎದುರಿನವರ ಬಾಯಿಂದ ಕೇಳಲು ತನಗಿಷ್ಟವಿಲ್ಲವೆನ್ನುತ್ತಾನೆ. ‘ಹಾಗೆ’ ಎಂದರೆ ಹೇಗೆ ಎಂಬುದು ಮೂರೂವರೆ ನಿಮಿಷ ಕಳೆದರೂ ತಿಳಿಯುವುದಿಲ್ಲ. ಇದನ್ನು ಬರೆದ ಮ್ಯಾಕ್ಸ್ ಮಾರ್ಟಿನ್ ಮತ್ತು ಆಂಡ್ರಿಯಾಸ್ ಕಾರ್ಲ್‌ಸನ್ ಇಬ್ಬರೂ ಸ್ವೀಡನ್ನಿನವರು, ಇಂಗ್ಲಿಷ್ ಅವರ ಮನೆಮಾತಲ್ಲ. ಸಾಹಿತ್ಯಕ್ಕೆ ತಲೆಬುಡ ಇರಲೆಂದು ಪದಗಳನ್ನು ತಿದ್ದಿದ ಇನ್ನೊಂದು ಆವೃತ್ತಿಯೂ ಧ್ವನಿಮುದ್ರಣಗೊಂಡಿತ್ತು. ಆದರೆ ಹಾಡುಗಾರರು ಅರ್ಥವಿದ್ದ ಆ ಆವೃತ್ತಿಯನ್ನು ಬಿಟ್ಟು ಅರ್ಥವಿಲ್ಲದ ಮೊದಲನೆಯದನ್ನೇ ಉಳಿಸಿಕೊಂಡರು. ಅವರ ಆಯ್ಕೆ ಸರಿಯಾಗಿತ್ತು.

ಏಕೆ ಸರಿ ಎಂಬುದು ಒಳ್ಳೆಯ ಹೆಡ್‌ಫೋನಿನಲ್ಲಿ ತಟ್ಟನೆ ತಿಳಿಯುತ್ತದೆ. ಬಿಡಿಬಿಡಿಯಾಗಿ ಮೀಟಿದ ಗಿಟಾರ್ ತಂತಿಗಳ ಹಿಂದೆಯೇ ಐವರಲ್ಲೊಬ್ಬನಾದ ಬ್ರಯಾನ್ ಲಿಟ್ರೆಲ್‌ನ ಒಂಟಿ ಧ್ವನಿ ಬರುತ್ತದೆ. ಸಾಲುಗಳ ಕೊನೆಗೆ ಬಂದು ನಿಲ್ಲುವುದು ಹೆಚ್ಚಾಗಿ ‘ಐ’ ಮತ್ತು ‘ಏ’ ಎಂದು ಬಾಯಿ ಅಗಲಿಸುವ ಸ್ವರಗಳೇ. ಎಳೆಯಲು, ಹಲವು ಕಂಠಗಳು ಒಟ್ಟಿಗೆ ಎತ್ತಿ ಹಿಡಿಯಲು, ಭಾಷೆ ಬಾರದವರೂ ಜೊತೆಗೂಡಲು ಒದಗುವ ಧ್ವನಿಗಳವು. ಕೊನೆಯ ಪಲ್ಲವಿಗೆ ಆಧಾರ ಶ್ರುತಿಯೇ ಒಂದು ಪೂರ್ಣ ಸ್ವರದಷ್ಟು ಮೇಲಕ್ಕೆ ಜರಗುತ್ತದೆ. ಪಾಪ್ ಸಂಗೀತದಲ್ಲಿ ಇದು ಸವೆದುಹೋದ ಉಪಾಯವೆಂಬುದನ್ನು ಬಲ್ಲೆ, ಬಲ್ಲೆನಾದರೂ ಆ ಕ್ಷಣದಲ್ಲಿ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಮಾತಿಗಿಂತ ಧಾಟಿಗೆ ಮೊದಲ ಮಣೆ ಹಾಕುವವರೆಂದೇ ಮ್ಯಾಕ್ಸ್ ಮಾರ್ಟಿನ್ ಹೆಸರಾದವರು. ಪದವೆಂಬುದು ಅವರ ಕೈಯಲ್ಲಿ ಸ್ವರಕ್ಕೆ ತೊಡಿಸುವ ಅಂಗಿ. ಹಾಗಿದ್ದ ಮೇಲೆ, ಪದಗಳನ್ನು ಬರಿಯ ಸದ್ದಾಗಿ ಕೇಳಿಸಿಕೊಂಡು, ತಪ್ಪುತಪ್ಪಾಗಿ ಗುನುಗಿಕೊಂಡು, ಕಾರಣ ತಿಳಿಯದೆ ಕಣ್ಣು ತುಂಬಿಕೊಳ್ಳುತ್ತಿದ್ದ ಹದಿಮೂರರ ಆ ಕೇಳುಗನೇ ಈ ಹಾಡನ್ನು ಅದು ಹುಟ್ಟಿದ ರೀತಿಯಲ್ಲಿ ಕೇಳಿದ್ದ. ಸಾಹಿತ್ಯ ಪೊಳ್ಳೆಂದು ಮೂಗು ಮುರಿದ ಇಪ್ಪತ್ತರ ಬುದ್ಧಿವಂತ ಹಾಡನ್ನು ಕೇಳಿರಲೇ ಇಲ್ಲ, ಓದಿದ್ದ.

ಆಲ್ಬಂನ ಮುಖ್ಯ ಹಾಡುಗಳು ರೂಪುಗೊಂಡದ್ದು ಸ್ಟಾಕ್‌ಹೋಮ್‌ನ ಶೆರಾನ್ ಸ್ಟುಡಿಯೋದಲ್ಲಿ. ಅದನ್ನು ಕಟ್ಟಿದ, ಮ್ಯಾಕ್ಸ್ ಮಾರ್ಟಿನ್‌ಗೆ ಗುರುವಾಗಿದ್ದ ಡೆನಿಸ್ ಪಾಪ್ 1998ರ ಆಗಸ್ಟಿನಲ್ಲಿ, 35ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 2000ದಲ್ಲಿ ಸ್ಟುಡಿಯೋ ಕೂಡ ಬಾಗಿಲು ಹಾಕಿತು. ಆ ಎರಡು ಘಟನೆಗಳ ನಡುವೆ ಬಂದದ್ದು ಈ ಆಲ್ಬಂ ಎಂದು ತಿಳಿದ ಮೇಲೆ ಮೂರನೆಯ ಹಾಡು ‘ಶೋ ಮಿ ದ ಮೀನಿಂಗ್ ಆಫ್ ಬೀಯಿಂಗ್ ಲೋನ್ಲಿ’ಯ ಮಂದ್ರದ ಗಿಟಾರು ಸ್ವಲ್ಪ ಬೇರೆಯಾಗಿ ಕೇಳಿಸುತ್ತದೆ, ಅದು ನನ್ನ ಕಲ್ಪನೆಯೂ ಇರಬಹುದು. ಹೇಗಿದ್ದರೂ ಇಡೀ ಆಲ್ಬಂನಲ್ಲಿ ವಯಸ್ಸಿನೊಂದಿಗೆ ಬೆಳೆದ ಹಾಡು ಇದೊಂದೇ. ಒಂಟಿತನದ ಅರ್ಥವೇನೆಂದು ಹದಿಮೂರರಲ್ಲಿ ಗಂಟಲು ಹರಿದುಕೊಂಡು ಕೇಳುವುದಕ್ಕೂ ನಲವತ್ತರ ಆಸುಪಾಸಿನಲ್ಲಿ ಮೆಲ್ಲನೆ ಕೇಳುವುದಕ್ಕೂ ಅಂತರವಿದೆ.

ಮೊದಲ ಹಾಡು ‘ಲಾರ್ಜರ್ ದ್ಯಾನ್ ಲೈಫ್’ ಅಭಿಮಾನಿಗಳಿಗೆ ಸಲ್ಲಿಸಿದ ವಂದನೆ. ಅಂದು ಅದು ನನ್ನನ್ನೇ ಉದ್ದೇಶಿಸಿ ಹಾಡಿದ್ದೆಂದು ನಂಬಿದ್ದೆ. ಇಂದು ಅದು 11 ಲಕ್ಷ ಗಿರಾಕಿಗಳಿಗೆ ಒಟ್ಟಾಗಿ ಬರೆದ ರಸೀದಿಯಂತೆ ಕೇಳುತ್ತದೆ. ಆದರೂ ಅದರ ತಾಳಕ್ಕೆ ಕಾಲು ಕುಣಿಯುವುದನ್ನು ತಡೆಯಲಾಗದು. ಎಸಿ/ಡಿಸಿ ಎಂಬ ರಾಕ್ ತಂಡದ ಆಲ್ಬಂಗಳನ್ನು ರೂಪಿಸಿದ್ದ ಮಟ್ ಲ್ಯಾಂಗ್ ಜೊತೆಗೂಡಿ ಬರೆದ ‘ಇಟ್ಸ್ ಗಾಟ ಬಿ ಯೂ’ ಚುರುಕಾಗಿದೆ, ಅಷ್ಟೇ.

ಎರಡನೆಯ ಅರ್ಧದ ಬಗ್ಗೆ ಹೇಳುವುದು ಕಡಿಮೆ. ಏಳರಿಂದ ಹನ್ನೊಂದರವರೆಗಿನ ಹಾಡುಗಳಲ್ಲಿ ‘ದ ಒನ್’ ಒಂದನ್ನು ಬಿಟ್ಟರೆ ಉಳಿದವು ಒಂದೇ ಅಚ್ಚಿನಲ್ಲಿ ಹೊಯ್ದ ನಿಧಾನಗತಿಯ ಪ್ರೇಮಗೀತೆಗಳು. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತೆಂಬುದು ಐದನೆಯ ಬಾರಿಗೂ ನನಗೆ ಸ್ಪಷ್ಟವಾಗಲಿಲ್ಲ. ಕ್ಯಾಸೆಟ್ಟಿನ ಮೊದಲ ಬದಿ ಸವೆದು ಮಂಕಾಗಿದ್ದರೂ ಎರಡನೆಯ ಬದಿ ಕೊನೆಯವರೆಗೂ ಹೊಸದರಂತೆಯೇ ಉಳಿದಿದ್ದುದು ನೆನಪಾಯಿತು. ಲಿಟ್ರೆಲ್ ತನ್ನ ತಾಯಿಗಾಗಿ ಬರೆದ ಕೊನೆಯ ಹಾಡು ‘ದ ಪರ್ಫೆಕ್ಟ್ ಫ್ಯಾನ್’ ಅತಿಯಾಗಿ ಸಿಹಿ. ಅದನ್ನು ಅಂದೂ ದಾಟಿಸುತ್ತಿದ್ದೆ, ಇಂದೂ ದಾಟಿಸಿದೆ, ದಾಟಿಸಿದ್ದಕ್ಕೆ ಅಂದಿನಂತೆಯೇ ಸಣ್ಣ ಪಾಪಪ್ರಜ್ಞೆಯೂ ಆಯಿತು.

ಇನ್ನು ಯಾವ ರೂಪದಲ್ಲಿ ಕೇಳಬೇಕೆಂಬ ಪ್ರಶ್ನೆ. ಹಳೆಯ ಕ್ಯಾಸೆಟ್ಟನ್ನೇ ಹುಡುಕಿ ತೆಗೆದು ಹಾಕಿದೆ. ಟೇಪು ಹಿಗ್ಗಿದ್ದರಿಂದಲೋ ಯಂತ್ರದ ಪಟ್ಟಿ ಸಡಿಲವಾದದ್ದರಿಂದಲೋ ಶ್ರುತಿ ಅಲೆಅಲೆಯಾಗಿ ತೂಗಾಡಿತು, ಎರಡು ಹಾಡಿಗೇ ಸಾಕೆನಿಸಿತು. ನೆನಪಿಗಾಗಿ ಇಟ್ಟುಕೊಳ್ಳಬಹುದು, ಕೇಳುವುದಕ್ಕಲ್ಲ. ಸಿಡಿಯಲ್ಲಿ ಧ್ವನಿ ಸ್ಪಷ್ಟ, ಸಾಲುಗಳ ನಡುವೆ ಹಾಡುಗಾರರು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ, ಹಿನ್ನೆಲೆಯ ಕಂಠಗಳನ್ನು ಪದರ ಪದರವಾಗಿ ಪೇರಿಸಿದ ರೀತಿಯೂ ಗೊತ್ತಾಗುತ್ತದೆ. ಆ ಕಾಲದ ಹಲವು ಪಾಪ್ ಸಿಡಿಗಳಂತೆ ಇದನ್ನೂ ಜೋರಾದ ಧ್ವನಿಮಟ್ಟದಲ್ಲಿಯೇ ಮುದ್ರಿಸಿರುವುದರಿಂದ ಮೆಲುದನಿಗೂ ಏರುದನಿಗೂ ಇರಬೇಕಾದ ದೂರ ಕಡಿಮೆಯೆನಿಸಿತು, ಬಹಳ ಹೊತ್ತು ಕೇಳಿದರೆ ಕಿವಿ ದಣಿಯುತ್ತದೆ.

ಸ್ಟ್ರೀಮಿಂಗ್ ಸೇವೆಯೊಂದರಲ್ಲಿಯೂ ಕೇಳಿದೆ. ಧ್ವನಿಯ ಬಗ್ಗೆ ದೂರಿಲ್ಲ. ದೂರಿರುವುದು ಅದರ ಅತಿಯಾದ ಉಪಚಾರದ ಬಗ್ಗೆ: ನಾನು ಆಲ್ಬಂ ಕೇಳಬೇಕೆಂದರೆ ಅದು ತಾನಾಗಿಯೇ ಹಾಡುಗಳ ಕ್ರಮ ಕಲಕಿತು, ಅದನ್ನು ನಿಲ್ಲಿಸಿದರೆ ಕೊನೆಯ ಹಾಡು ಮುಗಿದ ಮರುಕ್ಷಣವೇ ಅದೇ ಕಾಲದ ಬೇರೆ ತಂಡಗಳನ್ನು ಸಾಲಾಗಿ ತಂದು ನಿಲ್ಲಿಸಿತು. ಕ್ಯಾಸೆಟ್ ಮುಗಿದಾಗ ಗುಂಡಿ ‘ಟಕ್’ ಎಂದು ಮೇಲೇಳುತ್ತಿತ್ತು, ಆಮೇಲೆ ಕೋಣೆಯಲ್ಲಿ ಒಂದಿಷ್ಟು ಮೌನ ಉಳಿಯುತ್ತಿತ್ತು; ಹಾಡು ಒಳಗಿಳಿಯುತ್ತಿದ್ದುದು ಆ ಮೌನದಲ್ಲಿ. ಹಾಗಾಗಿ ಸ್ವಯಂಚಾಲನೆಯನ್ನು ಸೆಟ್ಟಿಂಗಿನಲ್ಲಿ ಮೊದಲೇ ನಿಲ್ಲಿಸಿ ಕೂರುವುದು ಒಳ್ಳೆಯದು.

ಒಟ್ಟು 12ರಲ್ಲಿ ನಾನು ಮತ್ತೆ ಮತ್ತೆ ಕೇಳುವುದು ನಾಲ್ಕು ಹಾಡುಗಳನ್ನು: ಮೊದಲ ಮೂರು ಮತ್ತು ಆರನೆಯ ‘ಡೋಂಟ್ ವಾಂಟ್ ಯೂ ಬ್ಯಾಕ್’. ಅಂದು ಇದನ್ನು ಕೇಳಿ ಬೆಳೆದವರು ಕ್ರಮ ತಪ್ಪಿಸದೆ ಮೊದಲ ಅರ್ಧವನ್ನು ಕೇಳಲಿ; ಹೊಸದಾಗಿ ಕೇಳುವವರಿಗೆ ಎರಡನೆಯ ಮತ್ತು ಮೂರನೆಯ ಹಾಡು ಸಾಕು. ಮತ್ತೊಂದು ಮಾತು, ಹಾಡಿನೊಂದಿಗೆ ಸಾಹಿತ್ಯವನ್ನೂ ಪರದೆಯ ಮೇಲೆ ಸಾಲುಸಾಲಾಗಿ ಹರಿಸುವ ಸೌಲಭ್ಯ ಈಗ ಹಲವು ಸೇವೆಗಳಲ್ಲಿದೆ. ಈ ಆಲ್ಬಂ ಕೇಳುವಷ್ಟು ಹೊತ್ತು ಅದನ್ನು ಮುಚ್ಚಿಡಿ.